ಕತ್ತರಿಯ ವಿದ್ಯೆ

ಬೆಂಗಳೂರಿನ ದಕ್ಷಿಣದಂಚಿನ ಬೇಗೂರಿಗೆ ಹೆಸರು ಬಂದದ್ದು ಅಲ್ಲಿನ ಕಲ್ಲುಗಳಿಂದ. ನಾಗೇಶ್ವರ ದೇವಾಲಯದ ಬಳಿ ಸಿಕ್ಕಿದ, ಕ್ರಿ.ಶ. 900ರ ಆಸುಪಾಸಿನ ವೀರಗಲ್ಲೊಂದರಲ್ಲಿ ‘ಬೆಂಗಳೂರು’ ಕಾಳಗದ ಮಾತು ಬರುತ್ತದೆ. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟ ಕಥೆಗಿಂತ ಈ ಕಲ್ಲು ಸುಮಾರು ಮೂರು ಶತಮಾನ ಹಿರಿಯದು. ಕಥೆಯನ್ನು ಹೇಳುವವರು ಆ ಕಾರಣಕ್ಕೆ ಹೇಳುವುದನ್ನೇನೂ ಬಿಟ್ಟಿಲ್ಲ, ಅದು ಬೇರೆ ಮಾತು. ಬೇಗೂರಿನದೇ ಇನ್ನೊಂದು ದೊಡ್ಡ ಕಲ್ಲು, ಆನೆ ಕುದುರೆಗಳ ಯುದ್ಧವನ್ನು ಕೆತ್ತಿದ ಗಂಗರ ಕಾಲದ ಕಲ್ಲು, ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯವನ್ನು ಸೇರಿದೆ.

ಕನ್ನಡ ನಾಡಿನ ವೀರಗಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗೆ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವ ಚಿತ್ರ, ಮೇಲೆ ಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ. ಒಂದು ಪಟ್ಟಿಕೆಗೂ ಇನ್ನೊಂದಕ್ಕೂ ನಡುವೆ ಇರುವುದು ಬರಿಯ ಒಂದು ಗೆರೆ. ಆ ಗೆರೆಯಲ್ಲಿ ಏನು ನಡೆಯಿತೆಂಬುದನ್ನು ಶಿಲ್ಪಿ ಕೆತ್ತುವುದಿಲ್ಲ, ನೋಡುವವನೇ ತುಂಬಿಕೊಳ್ಳುತ್ತಾನೆ. ಸಿನಿಮಾದಲ್ಲಿ ಆ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ತೀರ್ಮಾನಿಸುವವನು ಸಂಕಲನಕಾರ.

ಇಂದು ಬೇಗೂರಿನಿಂದ ಹೊರಟು ಬಿ.ಟಿ.ಎಂ. ಬಡಾವಣೆ, ಜೆ.ಪಿ. ನಗರ, ಜಯನಗರ, ಬನಶಂಕರಿಗಳನ್ನು ಹಾದು ಹೋದರೆ ಈ ವಿದ್ಯೆಯನ್ನು ಕಲಿಸುತ್ತೇವೆನ್ನುವ ಫಲಕಗಳು ಅಲ್ಲಲ್ಲಿ ಕಣ್ಣಿಗೆ ಬೀಳುತ್ತವೆ. ಅನಿಮೇಷನ್, ಗ್ರಾಫಿಕ್ಸ್, ವಿಡಿಯೋ ಎಡಿಟಿಂಗ್ ಎಲ್ಲವೂ ಒಂದೇ ಸೂರಿನಡಿ. ಕೆಲವು ವಾರಗಳ ತರಗತಿಯಿಂದ ಹಿಡಿದು ವರ್ಷಗಟ್ಟಲೆಯ ಡಿಪ್ಲೊಮಾದವರೆಗೆ ಅವಧಿಗಳು. ಅದಕ್ಕೆ ತಕ್ಕಂತೆ ಶುಲ್ಕ. ಜಿಲ್ಲೆಗಳಿಂದ ಬಂದು ಪೇಯಿಂಗ್ ಗೆಸ್ಟ್ ಕೋಣೆಗಳಲ್ಲಿರುವ ಹುಡುಗ ಹುಡುಗಿಯರು, ಅಪ್ಪನಿಂದ ಸಾಲ ಮಾಡಿಸಿಯೋ ಹಗಲು ಬೇರೆ ಕೆಲಸ ಮಾಡಿಯೋ ಈ ತರಗತಿಗಳಿಗೆ ಸೇರುತ್ತಾರೆ. ಅವರ ದುಡ್ಡಿಗೆ ಸಿಗುವುದು ಏನು, ಸಿಗದೆ ಉಳಿಯುವುದು ಏನು ಎಂಬುದನ್ನು ತಿಳಿಯಬೇಕಾದರೆ ಈ ಕೆಲಸವನ್ನು ಹಿಂದಿನವರು ಹೇಗೆ ಕಲಿತರೆಂದು ನೋಡಬೇಕು.

ಮೊದಲಿಗೆ ಹೆಸರಿನ ವಿಚಾರ. ಹಳೆಯ ಕನ್ನಡ ಶಾಲೆಯ ಗಣಿತದಲ್ಲಿ ಸಂಕಲನವೆಂದರೆ ಕೂಡುವುದು, ವ್ಯವಕಲನವೆಂದರೆ ಕಳೆಯುವುದು. ಕವಿತೆಗಳನ್ನು ಒಟ್ಟು ಸೇರಿಸಿದ ಪುಸ್ತಕವೂ ಸಂಕಲನವೇ. ಆಡುಮಾತಿನಲ್ಲಿ ಎಡಿಟಿಂಗ್ ಎಂದರೆ ‘ಕಟ್ ಮಾಡುವುದು’ ಎಂದು ಎಲ್ಲರೂ ತಿಳಿದಿದ್ದರೂ, ಕನ್ನಡ ಚಿತ್ರಗಳ ಹೆಸರುಪಟ್ಟಿಯಲ್ಲಿ ಬರುವ ಶಬ್ದ ಮಾತ್ರ ಕತ್ತರಿಸುವುದನ್ನಲ್ಲ, ಕೂಡಿಸುವುದನ್ನು ಹೇಳುತ್ತದೆ. ಯಾರು ಮೊದಲು ಈ ಶಬ್ದವನ್ನು ಆರಿಸಿದರೋ, ಕೆಲಸದ ಒಳಗುಟ್ಟು ಅವರಿಗೆ ತಿಳಿದಿತ್ತು.

ಕೂಡಿಸುವುದರಿಂದ ಅರ್ಥ ಹುಟ್ಟುತ್ತದೆಂದು ಪಾಠ ಮಾಡಿದವರಲ್ಲಿ ಮೊದಲಿಗರು ರಷ್ಯದವರು. 1919ರಲ್ಲಿ ಮಾಸ್ಕೋದಲ್ಲಿ ಶುರುವಾದ ಸರ್ಕಾರಿ ಚಲನಚಿತ್ರ ಶಾಲೆಯನ್ನು ಜಗತ್ತಿನ ಮೊದಲ ಸಿನಿಮಾ ಶಾಲೆಯೆನ್ನುತ್ತಾರೆ. ಅಂತರ್ಯುದ್ಧದ ಆ ದಿನಗಳಲ್ಲಿ ಕಚ್ಚಾ ಫಿಲ್ಮಿಗೆ ಬರ. ಹೊಸದಾಗಿ ಚಿತ್ರೀಕರಿಸಲು ಫಿಲ್ಮಿಲ್ಲದ ಕಾರಣ, ಅಲ್ಲಿನ ಅಧ್ಯಾಪಕ ಲೆವ್ ಕುಲೆಶೊವ್ ಮತ್ತವನ ಶಿಷ್ಯರು ಇದ್ದ ತುಣುಕುಗಳನ್ನೇ ಬಿಚ್ಚಿ ಬೇರೆ ಬೇರೆ ರೀತಿಯಲ್ಲಿ ಜೋಡಿಸತೊಡಗಿದರು. ನಟನೊಬ್ಬನ ಭಾವವಿಲ್ಲದ ಒಂದೇ ಮುಖವನ್ನು ಒಮ್ಮೆ ಸೂಪಿನ ತಟ್ಟೆಯ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ, ಒಮ್ಮೆ ಹೆಣ್ಣೊಬ್ಬಳ ಪಕ್ಕ ಇಟ್ಟ ಪ್ರಯೋಗ ಪ್ರಸಿದ್ಧ. ನೋಡಿದವರು ಆ ಮುಖದಲ್ಲಿ ಹಸಿವು, ದುಃಖ, ಆಸೆಗಳನ್ನು ಕಂಡು ನಟನನ್ನು ಹೊಗಳಿದರಂತೆ. ಮುಖ ಬದಲಾಗಿರಲಿಲ್ಲ, ನೆರೆಹೊರೆ ಬದಲಾಗಿತ್ತು. ಇಂದಿಗೂ ಸಂಕಲನದ ಯಾವ ತರಗತಿಯಲ್ಲಾದರೂ ಮೊದಲ ವಾರ ಈ ಕಥೆ ಬರುತ್ತದೆ. ಸಮಸ್ಯೆಯೆಂದರೆ ಹಲವು ಕಡೆ ಅದು ಕಥೆಯಾಗಿಯೇ ಉಳಿಯುತ್ತದೆ. ವಿದ್ಯಾರ್ಥಿ ತಾನೇ ಮಾಡಿ ನೋಡುವ ಪ್ರಯೋಗವಾಗುವುದಿಲ್ಲ.

ಫಿಲ್ಮಿನ ಕಾಲದಲ್ಲಿ ಈ ಕೆಲಸ ಕೈಯ ಕೆಲಸವಾಗಿತ್ತು. 35 ಮಿಲಿಮೀಟರ್ ಫಿಲ್ಮಿನ ಒಂದು ಅಡಿಯಲ್ಲಿ 16 ಫ್ರೇಮುಗಳು. ಒಂದು ಸೆಕೆಂಡಿಗೆ 24 ಫ್ರೇಮು ಓಡುವುದರಿಂದ ಒಂದು ನಿಮಿಷಕ್ಕೆ 90 ಅಡಿ ಬೇಕು. ಎರಡೂವರೆ ಗಂಟೆಯ ಚಿತ್ರವೆಂದರೆ 13,500 ಅಡಿ; ಅದಕ್ಕಾಗಿ ಚಿತ್ರೀಕರಿಸಿದ್ದು ಅದರ ಎಷ್ಟೋ ಪಟ್ಟು. ನೆಗೆಟಿವನ್ನು ಲ್ಯಾಬಿನಲ್ಲಿ ಭದ್ರವಾಗಿಟ್ಟು, ಅದರಿಂದ ತೆಗೆದ ಪ್ರತಿಯ ಮೇಲೆ ಸಂಕಲನ ನಡೆಯುತ್ತಿತ್ತು. 1924ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಮೂವಿಯೋಲಾ ಯಂತ್ರ ಮದರಾಸಿನ ಕೋಡಂಬಾಕ್ಕಂವರೆಗೆ ಬಂದು ದಶಕಗಳ ಕಾಲ ಆಳಿತು. ಹೊಲಿಗೆ ಯಂತ್ರದಂತೆ ಟಕಟಕ ಸದ್ದು ಮಾಡುತ್ತಿದ್ದ ಅದರ ಕಿರುಪರದೆಯನ್ನು ಒಬ್ಬರು, ಹೆಚ್ಚೆಂದರೆ ಇಬ್ಬರು ಬಗ್ಗಿ ನೋಡಬಹುದಿತ್ತು. ಮುಂದೆ ಮೇಜಿನಂತೆ ಅಗಲವಾದ ಸ್ಟೀನ್‌ಬೆಕ್ ಬಂದಾಗ ನಾಲ್ಕು ಜನ ಕುಳಿತು ನೋಡುವಂತಾಯಿತು.

ಈ ಕೋಣೆಯಲ್ಲಿ ಸಹಾಯಕರ ಒಂದು ಶ್ರೇಣಿಯೇ ಇತ್ತು. ಹೊಸದಾಗಿ ಸೇರಿದವನ ಕೈಗೆ ಕತ್ತರಿ ಬರುತ್ತಿರಲಿಲ್ಲ. ಫಿಲ್ಮಿನ ಅಂಚಿನಲ್ಲಿ ಅಚ್ಚಾಗಿರುವ ಸಂಖ್ಯೆಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದು, ಕ್ಲ್ಯಾಪ್ ಹಲಗೆ ಬಡಿದ ಫ್ರೇಮಿಗೂ ಧ್ವನಿಪಟ್ಟಿಯಲ್ಲಿ ಅದರ ಸದ್ದು ಬಂದ ಜಾಗಕ್ಕೂ ಗಂಟು ಹಾಕುವುದು, ತುಣುಕುಗಳನ್ನು ಬಟ್ಟೆ ಹಾಸಿದ ಬುಟ್ಟಿಯ ಮೇಲಿನ ಮೊಳೆಗಳಿಗೆ ಕ್ರಮವಾಗಿ ತೂಗುಹಾಕುವುದು, ಇವು ಅವನ ಪಾಲು. ‘ಆ ಬಾಗಿಲು ತೆಗೆಯುವ ಶಾಟಿನಲ್ಲಿ ಮೊನ್ನೆ ತೆಗೆದೆವಲ್ಲ ನಾಲ್ಕು ಫ್ರೇಮು, ಕೊಡು’ ಎಂದು ಸಂಕಲನಕಾರ ಕೈ ಚಾಚಿದರೆ, ಬೆರಳುದ್ದಕ್ಕೂ ಕಡಿಮೆಯಿರುವ ಆ ತುಣುಕು ಒಂದು ಕ್ಷಣದಲ್ಲಿ ಕೈಗೆ ಬರಬೇಕು. ಕಳೆದುಹೋಯಿತೋ, ಬೈಗುಳ. ಸಿಮೆಂಟು ಹಚ್ಚಿ ಅಂಟಿಸುತ್ತಿದ್ದ ಕಾಲದಲ್ಲಿ ಬಿಚ್ಚಿ ಮತ್ತೆ ಸೇರಿಸಿದಾಗಲೆಲ್ಲ ಅಂಚಿನ ಫ್ರೇಮು ಹಾಳಾಗುತ್ತಿದ್ದುದರಿಂದ, ಕತ್ತರಿ ಹಾಕುವ ಮುನ್ನ ಹತ್ತು ಸಲ ಯೋಚಿಸುವುದು ಅಭ್ಯಾಸವಾಗಿಬಿಡುತ್ತಿತ್ತು. ಕೊನೆಗೆ ನೆಗೆಟಿವ್ ಕತ್ತರಿಸುವವರಿಗಂತೂ ತಪ್ಪಲು ಅವಕಾಶವೇ ಇರಲಿಲ್ಲ. ಅಲ್ಲಿ ಹೋದದ್ದು ಹೋಯಿತು.

ಸಂಬಳ ಅಷ್ಟಕ್ಕಷ್ಟೆ. ಆದರೆ ಆ ಹುಡುಗನಿಗೆ ಕುಳಿತುಕೊಳ್ಳಲು ಒಂದು ಜಾಗವಿತ್ತು: ಸಂಕಲನಕಾರನ ಹಿಂದೆ. ಇಡೀ ವಿದ್ಯೆ ಇದ್ದದ್ದು ಆ ಜಾಗದಲ್ಲಿ. ನಿರ್ದೇಶಕ ‘ಈ ಶಾಟು ನನಗೆ ಬೇಕು’ ಎನ್ನುತ್ತಾನೆ. ಸಂಕಲನಕಾರ ‘ಶಾಟು ಚೆನ್ನಾಗಿದೆ, ದೃಶ್ಯಕ್ಕೆ ಬೇಡ’ ಎನ್ನುತ್ತಾನೆ. ಜಗಳ, ಕಾಫಿ, ಮತ್ತೆ ನೋಡುವುದು, ಒಬ್ಬರು ಸೋಲುವುದು. ಹಿಂದೆ ಕುಳಿತವನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ, ಆದರೆ ಆತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ. ಐದಾರು ಚಿತ್ರಗಳಾಗುವ ಹೊತ್ತಿಗೆ ಗುರು ಎಲ್ಲಿ ನಿಲ್ಲಿಸುತ್ತಾನೆಂದು ಅವನ ಬೆರಳಿಗೇ ಗೊತ್ತಾಗಿರುತ್ತಿತ್ತು. ದಕ್ಷಿಣದ ದೊಡ್ಡ ಸಂಕಲನಕಾರರಲ್ಲಿ ಹಲವರು ಹೀಗೆಯೇ ಬೆಳೆದರು. ಸಾಹಿತ್ಯ ಓದಿದ ಶ್ರೀಕರ್ ಪ್ರಸಾದ್ ಈ ಕೆಲಸ ಕಲಿತದ್ದು ಸಂಕಲನಕಾರರಾಗಿದ್ದ ತಂದೆ ಅಕ್ಕಿನೇನಿ ಸಂಜೀವಿಯವರ ಬಳಿ. ಬಡಗಿಯ ಮಗ ಬಡಗಿಯಾಗುವ ರೀತಿ.

ಹಾಗಾದರೆ ಶಾಲೆಗಳು ಎಲ್ಲಿದ್ದವು? ಈ ವಿಚಾರದಲ್ಲಿ ಕರ್ನಾಟಕ ಹಿಂದೆ ಬಿದ್ದ ನಾಡಲ್ಲ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ 1940ರ ದಶಕದಲ್ಲೇ ಸಿನಿಮಾ ತಂತ್ರಜ್ಞಾನದ ಪಾಠ ಆರಂಭವಾಗಿತ್ತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು 1960ರಲ್ಲಿ, ಹಳೆಯ ಪ್ರಭಾತ್ ಸ್ಟುಡಿಯೋದ ಅಂಗಳದಲ್ಲಿ. ಅಂದರೆ ಅದಕ್ಕಿಂತ ಒಂದೂವರೆ ದಶಕಕ್ಕೂ ಹಿಂದೆ ಮೈಸೂರಿನ ವಿ.ಕೆ. ಮೂರ್ತಿ ಬೆಂಗಳೂರಿನಲ್ಲಿ ಛಾಯಾಗ್ರಹಣ ಕಲಿತು, ಮುಂಬಯಿಗೆ ಹೋಗಿ ಗುರುದತ್ತರ ಚಿತ್ರಗಳಿಗೆ ಬೆಳಕು ಕೊಟ್ಟರು. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಾಗ ಆ ಗೌರವ ಪಡೆದ ಮೊದಲ ಛಾಯಾಗ್ರಾಹಕರೆನಿಸಿದರು. ಗೋವಿಂದ ನಿಹಲಾನಿಯವರೂ 1962ರಲ್ಲಿ ಇಲ್ಲಿಂದಲೇ ಛಾಯಾಗ್ರಹಣದ ಡಿಪ್ಲೊಮಾ ಪಡೆದವರು. ಈ ವಿಭಾಗವೇ ಮುಂದೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟಿ.ವಿ. ಸಂಸ್ಥೆಯಾಯಿತು.

ಆದರೆ ಆ ಶಾಲೆಯ ಹೆಸರು ನಿಂತದ್ದು ಛಾಯಾಗ್ರಹಣ ಮತ್ತು ಧ್ವನಿಗ್ರಹಣಗಳ ಮೇಲೆ. ಲೆನ್ಸು, ಬೆಳಕು, ಮೈಕು, ರಾಸಾಯನಿಕಗಳು ಪಾಲಿಟೆಕ್ನಿಕ್ಕಿನ ಪಠ್ಯಕ್ಕೆ ಸುಲಭವಾಗಿ ಒಗ್ಗುತ್ತವೆ: ಸೂತ್ರವಿದೆ, ಅಳತೆಯಿದೆ, ಪರೀಕ್ಷೆಯಲ್ಲಿ ಪ್ರಶ್ನೆ ಕೇಳಬಹುದು. ಎಲ್ಲಿ ನಿಲ್ಲಿಸಬೇಕೆಂಬುದಕ್ಕೆ ಯಾವ ಸೂತ್ರ? ಸಂಕಲನ ಶಾಲೆಯ ಪಾಠವಾಗಿ ಗಟ್ಟಿಯಾದದ್ದು ಪುಣೆಯಲ್ಲಿ. ಅಲ್ಲಿ ನಿರ್ದೇಶನ, ಛಾಯಾಗ್ರಹಣಗಳ ಸರಿಸಮಾನವಾಗಿ ಸಂಕಲನಕ್ಕೂ ಒಂದು ವಿಭಾಗವಾಯಿತು. 1970ರ ದಶಕದಲ್ಲಿ ಅಲ್ಲಿ ಕಲಿತ ರೇಣು ಸಲೂಜಾ ‘ಪರಿಂದಾ’, ‘ಧಾರಾವಿ’, ‘ಸರ್ದಾರ್’, ‘ಗಾಡ್‌ಮದರ್’ ಚಿತ್ರಗಳಿಗೆ ನಾಲ್ಕು ಸಲ ರಾಷ್ಟ್ರಪ್ರಶಸ್ತಿ ಪಡೆದು, 2000ದಲ್ಲಿ ಅಕಾಲಕ್ಕೆ ತೀರಿಕೊಂಡರು. ನಮ್ಮ ಗಿರೀಶ ಕಾಸರವಳ್ಳಿಯವರು ಅಲ್ಲಿ ನಿರ್ದೇಶನ ಕಲಿತು ಬಂದು 1977ರಲ್ಲಿ ‘ಘಟಶ್ರಾದ್ಧ’ ಮಾಡಿದರು. ಆ ಚಿತ್ರದ ನಿಧಾನವನ್ನು ಕೆಲವರು ದೂರಿದ್ದುಂಟು. ಒಂದು ಶಾಟನ್ನು ಎಷ್ಟು ಹೊತ್ತು ಹಿಡಿಯಬೇಕೆಂದು ಬಲ್ಲವರು ಉದ್ದೇಶಪೂರ್ವಕವಾಗಿ ಹಿಡಿದ ನಿಧಾನ ಅದು.

ಇದಕ್ಕೂ ಮೊದಲು, 1970ರ ‘ಸಂಸ್ಕಾರ’ದ ಸಂಗತಿ ಕುತೂಹಲದ್ದು. ಅಗ್ರಹಾರದ ಒಳಗಿನ ಕಥೆ. ಆದರೆ ಛಾಯಾಗ್ರಾಹಕ ಟಾಮ್ ಕೋವನ್, ಸಂಕಲನಕಾರ ಸ್ಟೀವನ್ ಕಾರ್ಟಾ, ಇಬ್ಬರೂ ಹೊರದೇಶದವರು. ಕನ್ನಡದಲ್ಲಿ ಸ್ವರ್ಣಕಮಲ ಪಡೆದ ಮೊದಲ ಚಿತ್ರವನ್ನು ಜೋಡಿಸಿದವರಲ್ಲಿ ಕನ್ನಡ ಹುಟ್ಟುಮಾತಲ್ಲದವರೊಬ್ಬರು ಇದ್ದರೆಂಬುದು ಈ ವಿದ್ಯೆಯ ಬಗ್ಗೆ ಏನನ್ನೋ ಹೇಳುತ್ತದೆ. ಮಾತಿನ ಅರ್ಥಕ್ಕಿಂತ ಮುಖದ ಅರ್ಥ, ನಡಿಗೆಯ ಲಯ ಇಲ್ಲಿ ಮುಖ್ಯ. ಹಾಗೆಯೇ ಕನ್ನಡಿಗರಾದ ಸುರೇಶ್ ಅರಸ್ ಅವರಿಗೆ ಅತ್ಯುತ್ತಮ ಸಂಕಲನದ ರಾಷ್ಟ್ರಪ್ರಶಸ್ತಿ ಬಂದದ್ದು ತಮಿಳಿನ ‘ಬಾಂಬೆ’ಗೆ, 1995ರ ಸಾಲಿನಲ್ಲಿ.

ಟೆಲಿವಿಷನ್ ಬಂದ ಮೇಲೆ ವಿಡಿಯೋ ಟೇಪಿನ ಸಂಕಲನ ಶುರುವಾಯಿತು. ಅದರಲ್ಲಿ ಕತ್ತರಿಯೇ ಇಲ್ಲ. ಒಂದು ಯಂತ್ರದಲ್ಲಿ ಮೂಲ ಟೇಪು, ಇನ್ನೊಂದರಲ್ಲಿ ಖಾಲಿ ಟೇಪು. ಬೇಕಾದ ಭಾಗಗಳನ್ನು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ನಕಲು ಮಾಡುತ್ತ ಹೋಗಬೇಕು. ಅರ್ಧ ಗಂಟೆಯ ಕಾರ್ಯಕ್ರಮದ ಐದನೆಯ ನಿಮಿಷದಲ್ಲಿ ಎರಡು ಸೆಕೆಂಡು ಸೇರಿಸಬೇಕೆಂದರೆ ಅಲ್ಲಿಂದ ಮುಂದಿನದೆಲ್ಲ ಮತ್ತೆ. ನಕಲಿನ ನಕಲು ಮಾಡಿದಷ್ಟೂ ಚಿತ್ರ ಮಂಕಾಗುತ್ತಿತ್ತು. ಈ ಕಾಟದಿಂದ ಬಿಡುಗಡೆ ಕೊಟ್ಟದ್ದು ಕಂಪ್ಯೂಟರು. 1989ರಲ್ಲಿ ಅವಿಡ್, 1991ರಲ್ಲಿ ಅಡೋಬಿಯ ಪ್ರೀಮಿಯರ್, 1999ರಲ್ಲಿ ಆಪಲ್ಲಿನ ಫೈನಲ್ ಕಟ್ ಪ್ರೊ ಬಂದವು. 1996ರ ‘ದಿ ಇಂಗ್ಲಿಷ್ ಪೇಷಂಟ್’ ಚಿತ್ರವನ್ನು ವಾಲ್ಟರ್ ಮರ್ಚ್ ಕಂಪ್ಯೂಟರಿನಲ್ಲಿ ಸಂಕಲಿಸಿ ಆಸ್ಕರ್ ಪಡೆದ ಮೇಲೆ ಹಳೆಯ ಯಂತ್ರಗಳಿಗೆ ಉಳಿಗಾಲವಿಲ್ಲವೆಂದು ಎಲ್ಲರಿಗೂ ಖಾತ್ರಿಯಾಯಿತು. ಇಂದು ಡಾವಿಂಚಿ ರಿಸಾಲ್ವ್‌ನಂಥ ತಂತ್ರಾಂಶದ ಒಂದು ಆವೃತ್ತಿ ಪುಕ್ಕಟೆಯಾಗಿಯೇ ಸಿಗುತ್ತದೆ. ಒಂದು ಕಾಲದಲ್ಲಿ ಸ್ಟುಡಿಯೋ ಮಾಲೀಕರ ಬಳಿ ಮಾತ್ರ ಇರುತ್ತಿದ್ದ ಯಂತ್ರ ಈಗ ಬೇಗೂರಿನ ಬಾಡಿಗೆ ಕೋಣೆಯ ಮಂಚದ ಮೇಲಿದೆ.

ಯಂತ್ರ ಎಲ್ಲರ ಕೈಗೆ ಬಂದ ಹೊತ್ತಿನಲ್ಲೇ ಹಿಂದಿನ ಕುರ್ಚಿ ಮಾಯವಾಯಿತು. ಈಗ ಸಹಾಯಕ ಸಂಕಲನಕಾರನ ಕೆಲಸವೆಂದರೆ ಕ್ಯಾಮೆರಾ ಕಾರ್ಡುಗಳಿಂದ ಕಡತಗಳನ್ನು ಇಳಿಸಿಕೊಂಡು ಎರಡು ಕಡೆ ಪ್ರತಿ ಇಡುವುದು, ಹೆಸರು ಹಚ್ಚುವುದು, ಧ್ವನಿ ಹೊಂದಿಸುವುದು, ಹಗುರವಾದ ನಕಲು ತಯಾರಿಸುವುದು. ಹಳೆಯ ಬುಟ್ಟಿ ಮೊಳೆಗಳ ಕೆಲಸವೇ ಇದು. ಆದರೆ ಅದನ್ನು ಬೇರೆ ಕಂಪ್ಯೂಟರಿನಲ್ಲಿ, ಬೇರೆ ಕೋಣೆಯಲ್ಲಿ, ಹಲವು ಸಲ ರಾತ್ರಿ ಪಾಳಿಯಲ್ಲಿ ಮಾಡಬಹುದು. ತುಣುಕಿಗಾಗಿ ಕೈ ಚಾಚುವ ಗುರುವಿಲ್ಲ; ನಿರ್ದೇಶಕನೊಂದಿಗಿನ ಜಗಳ ಕಿವಿಗೆ ಬೀಳುವುದಿಲ್ಲ. ತರಬೇತಿ ಕೇಂದ್ರಗಳು ತುಂಬಬೇಕಾಗಿರುವುದು ಈ ಖಾಲಿ ಜಾಗವನ್ನು.

ತುಂಬುತ್ತವೆಯೆ? ಒಂದು ಉದಾಹರಣೆಯಿಂದ ನೋಡಬಹುದು. ಒಳ್ಳೆಯ ಶಾಲೆಗಳಲ್ಲಿ ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ದೃಶ್ಯದ ಕಚ್ಚಾ ತುಣುಕುಗಳನ್ನು ಕೊಡುವ ಪದ್ಧತಿಯಿದೆ. ದೃಶ್ಯ ಹೀಗಿದೆ ಎನ್ನೋಣ: ರಾತ್ರಿ ಊಟ. ಅಪ್ಪ, ಮಗ ಕುಳಿತಿದ್ದಾರೆ, ಅಮ್ಮ ಬಡಿಸುತ್ತಿದ್ದಾಳೆ. ಮಗ ಹೇಳುತ್ತಾನೆ, ‘ಕೆಲಸ ಬಿಟ್ಟುಬಿಟ್ಟೆ ಅಪ್ಪ’. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅನ್ನ ಹಾಕು’ ಎಂದು ಹೆಂಡತಿಗೆ ಹೇಳುತ್ತಾನೆ. ಮೂವರೂ ಕಾಣುವ ಒಂದು ಶಾಟು, ಮಗನ ಮುಖ, ಅಪ್ಪನ ಮುಖ, ಅಮ್ಮನ ಕೈಯಲ್ಲಿರುವ ಹುಳಿಯ ಸೌಟು: ಸಾಮಗ್ರಿ ಇಷ್ಟೆ.

ಮಾತನಾಡಿದವರ ಮುಖವನ್ನೇ ತೋರಿಸುತ್ತ ಹೋದರೆ ಅದು ಪಿಂಗ್‌ಪಾಂಗ್ ಆಟ. ತಪ್ಪಿಲ್ಲ, ಜೀವವೂ ಇಲ್ಲ. ಮಗ ಮಾತನಾಡುವಾಗ ಅಪ್ಪನ ಮುಖವನ್ನೇ ಹಿಡಿದರೆ ಕಥೆ ಅಪ್ಪನದಾಗುತ್ತದೆ. ಮಗ ಬಾಯಿ ತೆರೆಯುವ ಒಂದು ಕ್ಷಣ ಮೊದಲೇ ಸೌಟು ನಿಂತುಹೋಗುವುದನ್ನು ತೋರಿಸಿದರೆ, ಅಮ್ಮನಿಗೆ ವಿಷಯ ಮೊದಲೇ ಗೊತ್ತಿತ್ತು ಎಂದು ಒಂದು ಮಾತೂ ಇಲ್ಲದೆ ನಮಗೆ ತಿಳಿಯುತ್ತದೆ. ಈಗ ಅದು ಅಪ್ಪನಿಂದ ಮುಚ್ಚಿಟ್ಟ ಗುಟ್ಟಿನ ಕಥೆ. ಸಂಭಾಷಣೆಯ ಒಂದಕ್ಷರ ಬದಲಾಗಿಲ್ಲ. ಇನ್ನು ಅಪ್ಪನ ಮೌನ. ಅದನ್ನು ಒಂದು ಸೆಕೆಂಡು ಇಟ್ಟರೆ ಆತ ಮಾತನ್ನು ಕೇಳಿಸಿಕೊಂಡೇ ಇಲ್ಲವೇನೋ ಎನಿಸುತ್ತದೆ, ಮೂರು ಸೆಕೆಂಡಿಗೆ ನೋವು, ಆರಕ್ಕೆ ಸಿಟ್ಟು, ಇನ್ನೂ ಹೆಚ್ಚಾದರೆ ಸಭೆಯಲ್ಲಿ ಯಾರೋ ಕೆಮ್ಮುತ್ತಾರೆ.

ಹತ್ತು ವಿದ್ಯಾರ್ಥಿಗಳು ಹತ್ತು ರೀತಿಯಲ್ಲಿ ಜೋಡಿಸಿ ತಂದದ್ದನ್ನು ಒಟ್ಟಿಗೆ ಕುಳಿತು ನೋಡಿ, ಇಲ್ಲಿ ಏಕೆ ಬಿಟ್ಟೆ, ಅಲ್ಲಿ ಏಕೆ ಹಿಡಿದೆ ಎಂದು ಕೇಳುವುದೇ ಪಾಠ. ಇದಕ್ಕೆ ಬೇಕಾದದ್ದು ದುಬಾರಿ ಯಂತ್ರವಲ್ಲ, ಕೆಲಸ ಬಲ್ಲ ಒಬ್ಬ ಅಧ್ಯಾಪಕನ ಗಂಟೆಗಳು. ಗುಂಡಿಗಳನ್ನೂ ಶಾರ್ಟ್‌ಕಟ್‌ಗಳನ್ನೂ ಮೂವತ್ತು ಜನರಿಗೆ ಒಂದೇ ಸಲ ಹೇಳಿಕೊಡಬಹುದು; ಮೂವತ್ತು ಜನರ ಕೆಲಸವನ್ನು ನೋಡಬೇಕೆಂದರೆ ಒಬ್ಬೊಬ್ಬರ ಪಕ್ಕದಲ್ಲೂ ಕೂರಬೇಕು. ಅಲ್ಪಾವಧಿಯ ತರಗತಿಗಳು ತಂತ್ರಾಂಶದ ಪಾಠವಾಗಿ ಮುಗಿಯುವುದಕ್ಕೆ ಇದೇ ಕಾರಣ. ಇದು ಮೋಸವೆನ್ನುವುದಕ್ಕಿಂತ ಲೆಕ್ಕಾಚಾರ. ಕಲಿಸಿದ ತಂತ್ರಾಂಶವೂ ನಾಲ್ಕು ವರ್ಷಕ್ಕೆ ಹಳತಾಗುತ್ತದೆ ಎಂಬುದನ್ನು ಮಾತ್ರ ಯಾರೂ ಫಲಕದಲ್ಲಿ ಬರೆಯುವುದಿಲ್ಲ.

ಹಾಗೆಂದು ತಂತ್ರಾಂಶ ಕಲಿತವನಿಗೆ ಕೆಲಸ ಸಿಗುವುದಿಲ್ಲವೆಂದಲ್ಲ. ಸುದ್ದಿವಾಹಿನಿಗಳಿವೆ, ಜಾಹೀರಾತುಗಳಿವೆ, ಮದುವೆಗಳಂತೂ ಇದ್ದೇ ಇವೆ. ಮದುವೆಯ ವಿಡಿಯೋವನ್ನು ಸಿನಿಮಾ ಮಂದಿ ಹಗುರವಾಗಿ ಕಾಣುವುದುಂಟು, ಕಾಣಬಾರದು. ಎರಡು ದಿನದ ಸಮಾರಂಭವನ್ನು ನಾಲ್ಕು ನಿಮಿಷಕ್ಕಿಳಿಸುವುದು ಕಠಿಣ ಅಭ್ಯಾಸ. ಹಾಡಿನ ತಾಳಕ್ಕೆ ಚೆಂದ ಕಾಣುತ್ತದೆಂದು ಸಪ್ತಪದಿಯನ್ನು ಮಾಂಗಲ್ಯಧಾರಣೆಗಿಂತ ಮೊದಲು ಹಾಕಿದರೆ ಅದನ್ನು ಹಿಡಿಯಲು ವಿಮರ್ಶಕರು ಬೇಕಿಲ್ಲ, ಹುಡುಗಿಯ ಅಜ್ಜಿ ಸಾಕು.

ಯಾವ ತರಗತಿಗೂ ಹೋಗದೆ ಬಂದವರೂ ಇದ್ದಾರೆ. 2022ರ ‘ಕೆ.ಜಿ.ಎಫ್. ಚಾಪ್ಟರ್ 2’ರ ಸಂಕಲನಕಾರ ಉಜ್ವಲ್ ಕುಲಕರ್ಣಿಗೆ ಆಗ ವಯಸ್ಸು ಹತ್ತೊಂಬತ್ತರ ಆಸುಪಾಸು. ಕಿರುಚಿತ್ರಗಳನ್ನೂ ಅಭಿಮಾನಿ ವಿಡಿಯೋಗಳನ್ನೂ ತಾನೇ ಜೋಡಿಸುತ್ತ ಕಲಿತ ಹುಡುಗ. ಅಂದಿನಿಂದ ಈ ಹೆಸರನ್ನು ಹೇಳಿ ‘ಕೋರ್ಸು ಏಕೆ ಬೇಕು?’ ಎನ್ನುವವರುಂಟು, ಅದೇ ಹೆಸರನ್ನು ಹೇಳಿ ‘ಹತ್ತೊಂಬತ್ತಕ್ಕೇ ಸಾಧ್ಯ, ಇಂದೇ ಸೇರಿರಿ’ ಎನ್ನುವವರೂ ಉಂಟು. ಇಬ್ಬರೂ ಗಮನಿಸದ ಸಂಗತಿಯೆಂದರೆ, ಆತ ಅಲ್ಲಿಗೆ ಬರುವ ಹೊತ್ತಿಗೆ ಇತರರ ಚಿತ್ರಗಳ ತುಣುಕುಗಳನ್ನು ಬಿಚ್ಚಿ ಮತ್ತೆ ಮತ್ತೆ ಜೋಡಿಸಿದ್ದ. ಫಿಲ್ಮಿಲ್ಲದ ಮಾಸ್ಕೋದಲ್ಲಿ ಕುಲೆಶೊವ್‌ನ ಶಿಷ್ಯರು ಮಾಡಿದ್ದು ಇನ್ನೇನು?

ನೋಡುವ ಕಣ್ಣನ್ನು ಬೆಳೆಸಲು ದಕ್ಷಿಣ ಬೆಂಗಳೂರಿನಲ್ಲಿ ದೊಡ್ಡ ಶುಲ್ಕ ತೆರದ ದಾರಿಗಳೂ ಇವೆ. 1971ರಲ್ಲಿ ಹುಟ್ಟಿದ ಸುಚಿತ್ರ ಫಿಲ್ಮ್ ಸೊಸೈಟಿ ಬನಶಂಕರಿಯಲ್ಲಿ ತನ್ನದೇ ಸಭಾಂಗಣ ಕಟ್ಟಿಕೊಂಡು, ಜಗತ್ತಿನ ಚಿತ್ರಗಳನ್ನು ತೋರಿಸುತ್ತ ರಸಗ್ರಹಣ ಶಿಬಿರಗಳನ್ನು ನಡೆಸಿಕೊಂಡು ಬಂದಿದೆ. ಅಲ್ಲಿ ಯಾರೂ ಗುಂಡಿ ಒತ್ತುವುದನ್ನು ಕಲಿಸುವುದಿಲ್ಲ. ಆದರೆ ಒಂದು ಶಾಟು ಏಕೆ ಅಷ್ಟು ಹೊತ್ತು ನಿಂತಿತೆಂದು ಚಿತ್ರ ಮುಗಿದ ಮೇಲೆ ಮೆಟ್ಟಿಲ ಮೇಲೆ ನಿಂತು ವಾದಿಸುವವರು ಸಿಗುತ್ತಾರೆ. ಮೂರು ವರ್ಷ ಕೂತು ಓದುವ ತಾಳ್ಮೆಯಿರುವ ಪದವೀಧರರಿಗೆ ಪುಣೆಯಲ್ಲಿಯೂ, ಕಲ್ಕತ್ತೆಯ ಸತ್ಯಜಿತ್ ರಾಯ್ ಸಂಸ್ಥೆಯಲ್ಲಿಯೂ ಸಂಕಲನ ವಿಭಾಗಗಳಿವೆ. ಪ್ರವೇಶ ಪರೀಕ್ಷೆ ಗಟ್ಟಿ, ಸೀಟು ಬೆರಳೆಣಿಕೆಯಷ್ಟು.

ಅಷ್ಟು ದೂರ ಹೋಗಲಾರದೆ ಮನೆಯ ಹತ್ತಿರದ ಕೇಂದ್ರಕ್ಕೇ ಸೇರುವವರು ಹಣ ಕಟ್ಟುವ ಮೊದಲು ಕೇಳಬಹುದಾದ ಪ್ರಶ್ನೆಗಳು ಕೆಲವೇ. ಕಲಿಸುವವರು ಸಂಕಲಿಸಿದ ಚಿತ್ರವೋ ಧಾರಾವಾಹಿಯೋ ಯಾವುದು? ಅಭ್ಯಾಸಕ್ಕೆ ಕೊಡುವುದು ಚಿತ್ರೀಕರಣದಿಂದ ಹಾಗೇ ಬಂದ ಕಚ್ಚಾ ಸಾಮಗ್ರಿಯೋ, ಆಗಲೇ ಯಾರೋ ಜೋಡಿಸಿ ಮುಗಿಸಿದ ತುಣುಕುಗಳೋ? ಒಬ್ಬ ವಿದ್ಯಾರ್ಥಿಯ ಕೆಲಸವನ್ನು ಗುರು ವಾರಕ್ಕೆ ಎಷ್ಟು ಹೊತ್ತು ಕುಳಿತು ನೋಡುತ್ತಾರೆ? ಕೊನೆಯದಾಗಿ, ಪಾಠ ನಡೆಯುವಾಗ ಒಂದು ದಿನ ಹಿಂದಿನ ಸಾಲಿನಲ್ಲಿ ಕುಳಿತು ನೋಡಲು ಬಿಡುತ್ತಾರೆಯೆ?